ಬೆನ್ನಿನ ಅಳತೆ

ಬಳ್ಳಾರಿಯ ಕೌಲ್ ಬಜಾರು, ಮಹಡಿಯ ಮೇಲೆ ಹದಿನಾಲ್ಕು ಮಿಷನ್ನು.
ಕಾಣದ ಊರುಗಳ ಸೊಂಟ ಕತ್ತರಿಸುವ ಕೆಲಸ ನನ್ನದು:
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಕತ್ತರಿಗೆ ಮುಖ ಗೊತ್ತಿಲ್ಲ, ನಂಬರು ಗೊತ್ತು.

ರಾತ್ರಿ ಹುಡುಗರು ಹೋದ ಮೇಲೆ
ಜೀನ್ಸಿನ ಥಾನು ಅತ್ತ ಸರಿಸಿ
ಅದೇ ಟೇಬಲ್ಲಿನ ಮೇಲೆ ಕಾದಂಬರಿ ಬರೆದೆ, ನಾಲ್ಕು ವರ್ಷ.
ಪ್ರತಿ ಹಾಳೆಯ ಬಲಮೂಲೆಗೆ
ನನ್ನ ಹೆಬ್ಬೆಟ್ಟಿನ ನೀಲಿ.

ನಾಯಕ ರಾಜಾವಲಿ. ಅವನೂ ಟೇಲರೇ,
ಪಿಂಜಾರರ ಹುಡುಗನೇ, ಅವನಿಗೂ ಎಡಗಿವಿ ಮಂದ.
ನನ್ನ ಹತ್ತನೇ ಕ್ಲಾಸಿನ ಫೇಲು ಕೊಟ್ಟೆ ಅವನಿಗೆ,
ಮಿಲ್ಲರ್‌ಪೇಟೆಯಲ್ಲಿ ಸೈಕಲ್ಲಿಂದ ಬಿದ್ದ ಗುರುತು ಕೊಟ್ಟೆ.
ಆಮೇಲೆ ಅಲ್ಲಲ್ಲಿ ಹೊಲಿಗೆ ಬಿಚ್ಚಿದೆ.
ಎತ್ತರ ಎರಡಿಂಚು ಬಿಟ್ಟೆ.
ಉಗುರಿನ ಬಣ್ಣ ತೊಳೆದೆ.
ಅಪ್ಪ ತೀರಿದ ನಲವತ್ತನೇ ದಿನ
ಅಕ್ಕನ ಕೈಗೆ ಮನೆಯ ಪತ್ರವಿಡಿಸಿ
“ಅರ್ಧ ನಿಂದು” ಅನ್ನಿಸಿದೆ ಅವನ ಬಾಯಲ್ಲಿ.
ಆ ಪುಟ ಬರೆದು ಬಹಳ ಹೊತ್ತು
ಕಣ್ಣೊರೆಸಿಕೊಂಡೆ.

ನನ್ನ ಅಕ್ಕ ಮಾಬಮ್ಮ ಇರುವುದು
ಗುಡ್ಡದ ಕೆಳಗೆ, ಬಾಡಿಗೆ ಕೋಣೆಯಲ್ಲಿ.
ಹೊಲಿದ ಪ್ಯಾಂಟುಗಳ ಹೆಚ್ಚಿನ ದಾರ ಕತ್ತರಿಸುತ್ತಾಳೆ,
ಪೀಸಿಗಿಷ್ಟು ಅಂತ.
ಪುಸ್ತಕ ಕೊಟ್ಟು ತಿಂಗಳಾಗಿತ್ತು.
“ಓದಿದ್ಯಾ?”
“ಓದೀನಿ.”
“ರಾಜಾವಲಿ?”
“ಚಲೋ ಮನಷ್ಯ. ಅಂಥಾ ತಮ್ಮ ಯಾರಿಗಾರ ಸಿಗಲಿ.”
ಕತ್ತರಿ ಚಿಟಕ್ಕೆಂದಿತು.
“ನೀ ಬರೋದು ನೂರಾ ಹನ್ನೆರಡ್ನೇ ಪುಟದಾಗ.
ಪತ್ರಕ್ಕ ಸಾಕ್ಷಿ ಹಾಕಾಕ ಒಬ್ಬಂವ ಬರ್ತಾನಲ್ಲ,
ಚಪ್ಪಲಿ ಬಿಡದಂಗ ಬಾಗಿಲಾಗ ನಿಂತು
ಚಾ ಕುಡುದು, ಅಕ್ಕನ ಮಾರಿ ನೋಡದಂಗ
ಹೊಕ್ಕಾನಲ್ಲ, ಅಂವ.”

ಅವನನ್ನು ನಾನು ಮರೆತೇಬಿಟ್ಟಿದ್ದೆ.
ಕೋಣೆಯಲ್ಲಿ ಇನ್ನೊಬ್ಬ ಬೇಕಿತ್ತು, ತಂದು ನಿಲ್ಲಿಸಿದ್ದೆ.
ಮೂರೇ ಸಾಲು,
ಒಂದು ಕಾಟೂ ಇಲ್ಲದೆ ಬಂದವು.

ಟೇಪು ಎಷ್ಟು ಎಳೆದರೂ ತನ್ನ ಬೆನ್ನು
ತಾನೇ ಅಳೆಯಲಾರ ಟೇಲರು,
ಹಿಂದೆ ಯಾರಾದರೂ ನಿಂತು ಹಿಡಿಯಬೇಕು.
ಹೊಸ ಹುಡುಗರಿಗೆ ಮೊದಲ ದಿನ
ನಾನೇ ಹೇಳಿಕೊಡುವ ಮಾತು.

ಅಕ್ಕ ಇನ್ನೊಂದು ಪ್ಯಾಂಟು ಎಳೆದುಕೊಂಡಳು.
“ಪಾಪ, ಅವಗ ಹೆಸರs ಇಟ್ಟಿಲ್ಲಲ್ಲೋ” ಅಂದಳು.
ಆಮೇಲೆ, “ಚಾ ಇಡ್ಲಾ?”

ನಾನಿನ್ನೂ ಬಾಗಿಲಲ್ಲೇ ಇದ್ದೆ.
ಕಾಲಲ್ಲಿ ಚಪ್ಪಲಿ.