ಪೌಡರ್ ಕೇಳಿದವರು

'ಪೌಡರಿಗೆ ಬೇಕಿತ್ತು' ಅಂದರು.
ನಾನು ಮುಖವನ್ನೂ ನೋಡದೆ
ಕೇರಂ ಪೌಡರಿನ ಡಬ್ಬಿ ಇಟ್ಟೆ ಗಾಜಿನ ಮೇಲೆ.
ಹಾಸನದ ಸ್ಟೇಡಿಯಂ ಎದುರು ಇಪ್ಪತ್ತಾರು ವರ್ಷ
ಪೌಡರೆಂದರೆ ನಮ್ಮಲ್ಲಿ ಅದೇ.
ಮೂವತ್ತು ರೂಪಾಯಿ, ಚೌಕಾಸಿ ಇಲ್ಲ.

ಅವರು ನಗಲಿಲ್ಲ. ಡಬ್ಬಿಯನ್ನು ಬೆರಳಲ್ಲಿ ಸರಿಸಿ
'ಇದಲ್ಲ ಸಾರ್. ಹಿಮದ್ದು. ಸ್ಕೀ.
ರಾತ್ರಿ ಬಿದ್ದು ಇನ್ನೂ ಯಾರೂ ತುಳಿಯದ ಹಿಮಕ್ಕೆ
ಬೇರೆಯದೇ ಹಲಗೆ ಬರ್ತದೆ, ನಡು ಅಗಲ,
ಮೂತಿ ದೋಣಿಯ ಹಾಗೆ ಮೇಲಕ್ಕೆ.
ಇದೆಯಾ?'

ಹೊರಗೆ ಮೆಟ್ಟಿಲ ಮೇಲೆ ಹನ್ನೆರಡು ಹುಡುಗಿಯರು,
ಬಾಣಾವರದ ಸರ್ಕಾರಿ ಶಾಲೆಯ ಖೋ ಖೋ ತಂಡ,
ಬೆಳಿಗ್ಗೆ ಸೋಲು, ಮಧ್ಯಾಹ್ನ ಚುರುಮುರಿ.
ಒಬ್ಬಳು ಒಳಗಿಣುಕಿ ನನಗೇ ಸಮಾಧಾನ ಹೇಳಿದಳು:
'ಸರ್ವಮಂಗಳಾ ಮಿಸ್ಸು ಎಲ್ಲಾ ಊರಲ್ಲೂ ಕೇಳ್ತಾರೆ ಅಣ್ಣ.
ಮ್ಯಾಚಿಗೆ ಹೋದ ಕಡೆಯೆಲ್ಲ. ತುಮಕೂರಲ್ಲಿ, ಶಿವಮೊಗ್ಗದಲ್ಲಿ,
ಕಡೂರಲ್ಲಂತೂ ಸೈಕಲ್ ಶಾಪಲ್ಲಿ.'

ಇಲ್ಲ ಅನ್ನಬಾರದು, ನಮ್ಮಪ್ಪ ಕಲಿಸಿದ ವ್ಯಾಪಾರ,
'ನಾಳೆ ಬರ್ತದೆ' ಅನ್ನಬೇಕು.
ಬಾಯಿಗೆ ಬಂದ ನಾಳೆಯನ್ನು ನುಂಗಿಕೊಂಡೆ.
'ಬೆಂಗಳೂರಲ್ಲಿ?'
'ಜಾಕೆಟ್ಟಿದೆ, ಕೈಗವಸಿದೆ, ಕನ್ನಡಕ ಇದೆ.
ಹಲಗೆ ಅಂದರೆ ಸ್ಕೇಟ್‌ಬೋರ್ಡ್ ತೋರಿಸ್ತಾರೆ.'
'ದೆಹಲಿ?'
'ಒಂದು ಗಲ್ಲಿಯಲ್ಲಿದ್ದವು. ಎಲ್ಲಾ ಸಪೂರ,
ಗಟ್ಟಿ ಮಾಡಿದ ಇಳಿಜಾರಿನವು.
ಹೊಸ ಹಿಮದಲ್ಲಿ ಮುಳುಗ್ತವೆ ಸಾರ್ ಅವು,
ನಾಟಿ ಗದ್ದೆಗಿಳಿದ ಊರುಗೋಲಿನ ಹಾಗೆ.'

ಆಮೇಲೆ, ಬಿಲ್ಲಿನ ಬೆನ್ನಿಗೆ ಏನೋ ಗೀಚುತ್ತಾ, ಹೇಳಿದರು.
ಎಂಟು ವರ್ಷದ ಹಿಂದೆ ಹದಿನಾಲ್ಕು ದಿನದ ಕೋರ್ಸು, ಗುಲ್ಮಾರ್ಗ್.
ಹದಿಮೂರು ದಿನ ಬಿದ್ದದ್ದೇ.
ಕೊನೆಯ ರಾತ್ರಿಯಿಡೀ ಸುರಿಯಿತು.
ಬೆಳಿಗ್ಗೆ ಯಾರೋ ತಮ್ಮ ಅಗಲದ ಜೋಡಿ ಕೊಟ್ಟರು,
ಒಂದೇ ಒಂದು ಇಳಿತಕ್ಕೆ.
'ಸದ್ದೇ ಇರಲಿಲ್ಲ.
ಕಾಲು ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಿಕೊಂಡೆ.'

ನನಗೆ ತಿಳಿಯಲಿಲ್ಲ ಅಂತ ಅವರಿಗೆ ತಿಳಿಯಿತು.
ಪಕ್ಕದ ಗಿರಣಿಗೆ ಎಳೆದುಕೊಂಡು ಹೋದರು.
ಜವರಪ್ಪ ಅಕ್ಕಿ ಬೀಸುತ್ತಿದ್ದ.
ಡಬ್ಬದ ಹಿಟ್ಟಿನ ಮೇಲೆ ನನ್ನ ಜೇಬಿನ ಪೆನ್ನು ನೆಟ್ಟರು:
ಕ್ಯಾಪಿನವರೆಗೂ ಹೋಯಿತು.
ನನ್ನ ಮರದ ಅಳತೆಪಟ್ಟಿ ಮಲಗಿಸಿದರು:
ತೇಲಿತು.
'ಇಷ್ಟೇ ವಿಷಯ' ಅಂದರು.
'ಯಾರಮ್ಮ ಅದು, ತಿನ್ನೋ ಹಿಟ್ಟಲ್ಲಿ!' ಎಂದ ಜವರಪ್ಪ
ಬೆಲ್ಟು ನಿಲ್ಲಿಸಿ ಬಂದು
ತಾನೂ ಒಂದು ಸಲ ಪಟ್ಟಿ ಮಲಗಿಸಿ ನೋಡಿದ.
ಅವನ ಹಿಂದೆ ಹುಡುಗಿಯರದ್ದು ಸಾಲು.

ಆರ್ಡರ್ ಪುಸ್ತಕದಲ್ಲಿ
ವಾಲಿಬಾಲ್ ನೆಟ್ ಎರಡು, ಶಾಟ್‌ಪುಟ್ ನಾಲ್ಕು ಕೆ.ಜಿ.ಯದ್ದು,
ಅದರ ಕೆಳಗೆ ಬರೆದೆ: ಸ್ಕೀ, ಒಂದು ಜೊತೆ,
ನಡು ನೂರ ಹನ್ನೆರಡು ಮಿಲಿಮೀಟರ್.
ಮುಂಗಡ ಬೇಡ ಅಂದೆ.
ತೆಗೆದುಕೊಂಡರೆ ತರಿಸಬೇಕಾಗ್ತದೆ.
'ಸದ್ಯ' ಅಂದರು ಅವರೂ. 'ಬೆಲೆ ಗೊತ್ತಾ?
ಎರಡು ತಿಂಗಳ ಸಂಬಳ.
ಯಾರಾದರೂ ಇದೆ ಅಂದುಬಿಟ್ಟರೆ ಏನು ಗತಿ ಅಂತ
ಪ್ರತಿ ಅಂಗಡಿ ಮೆಟ್ಟಿಲಲ್ಲೂ ಎದೆ ಹೊಡ್ಕೊಳ್ತದೆ.'

ಐದೂವರೆಯ ಅರಸೀಕೆರೆ ಬಸ್ಸಿಗೆ ಓಡಿದರು,
ಹನ್ನೆರಡು ತಲೆ ಎಣಿಸಿಕೊಳ್ಳುತ್ತಾ.
ಪೌಡರ್ ಡಬ್ಬಿ ಕೊಂಡೇ ಹೋದರು, ಶಾಲೆಯ ಬೋರ್ಡಿಗೆ.
ಚೌಕಾಸಿ ಮಾಡಿದರು, ಇಪ್ಪತ್ತೈದಕ್ಕೆ ಕೊಟ್ಟೆ.

ಷಟರ್ ಎಳೆಯುವ ಮೊದಲು
ಮಾರಾಟಕ್ಕಿಟ್ಟ ಬೋರ್ಡನ್ನು ಕೆಳಗಿಳಿಸಿ
ಇನ್ನೊಂದು ಡಬ್ಬಿ ಒಡೆದು ಉದುರಿಸಿದೆ, ಕೈ ಬಿಚ್ಚಿ.
ರಾಕೆಟ್ಟಿಗೆ ತಂತಿ ಬಿಗಿಯುತ್ತಿದ್ದ ಖಲೀಲ್
ಏನು ಎಂಬಂತೆ ಹುಬ್ಬೆತ್ತಿದ.
ಎರಡು ಬೆರಳಲ್ಲಿ ಸ್ಟ್ರೈಕರ್ ತಳ್ಳಿದೆ.

ಆಚೆಯ ಅಂಚು ತಾಗುವವರೆಗೂ
ಸದ್ದೇ ಇರಲಿಲ್ಲ.