ಹದಿನಾರು ಗರಿ

ಎಡಗಾಲಿಯ ಮೂರು ಕಡ್ಡಿ ಹೋಗಿವೆ ಅಂದುಂಞಿಚ್ಚ,
ನಾಳೆ ಬೆಳಗಿನ ಗಾಡಿಗೆ ಹೊರಡಬೇಕು, ಎನ್ನುತ್ತ
ಜಲಜಾಕ್ಷಿ ಬರುವುದು ನಾನು ಅಂಗಡಿ ಮುಚ್ಚುವ ಹೊತ್ತಿಗೇ.
ಹನ್ನೊಂದು ವರ್ಷದಿಂದ ಹೀಗೆ.

ಉಪ್ಪಳದ ಗೇಟಿನ ಬಳಿ ಸೈಕಲ್ ರಿಪೇರಿ ಮಾಡುವವನಿಗೆ
ಬ್ಯಾಡ್ಮಿಂಟನ್ ಏನು ಗೊತ್ತು?
ಕಡ್ಡಿ ಗೊತ್ತು, ಬೇರಿಂಗು ಗೊತ್ತು,
ಚಕ್ರ ಓರೆಯಾದರೆ ಕೆಟ್ಟಿತೆಂದು ಗೊತ್ತು.
ಇವಳ ಕುರ್ಚಿಯದ್ದು ಓರೆಯಾಗಿಯೇ ಇರಬೇಕಂತೆ,
ಆಗಷ್ಟೇ ಎದ್ದುನಿಂತ ಕರು ಕಾಲಗಲಿಸಿದ ಹಾಗೆ,
ಗರ್ರನೆ ತಿರುಗಿದರೂ ಮಗುಚಬಾರದು.
ಮೊದಲ ಸಲ ಕಷ್ಟಪಟ್ಟು ನೆಟ್ಟಗೆ ಮಾಡಿಕೊಟ್ಟೆ.
ಬೈದಳು, ತುಳುವಿನಲ್ಲಿ,
ಇಲ್ಲಿ ಬರೆಯಲಾಗದು.

ಬೀಳುವ ಮೊದಲು ಮರ ಹತ್ತುತ್ತಿದ್ದಳು.
ಹೆಂಗಸರಿಗೆ ತೆಂಗು ಹತ್ತುವ ಯಂತ್ರ ಕೊಟ್ಟ ವರ್ಷ
ಬೇಕೂರಿನಿಂದ ಮೊದಲ ಹೆಸರು ಅವಳದೇ.
ಮೇಲಿನಿಂದ ಕಡಲು ಕಾಣುತ್ತದೆ ಇಚ್ಚ,
ಎಲ್ಲರ ನಡುನೆತ್ತಿಯೂ ಕಾಣುತ್ತದೆ,
ಯಾರಿಗೆ ಬೋಳಾಗುತ್ತಿದೆಯೆಂದು ಮೊದಲು ತಿಳಿಯುವುದು ನನಗೆ,
ಎಂದು ನನ್ನ ಟೊಪ್ಪಿ ನೋಡಿ ನಗುತ್ತಿದ್ದಳು.

ಒಂದು ಮಂಗಳವಾರ ಒಣಗಿದ ಗರಿ ಹಿಡಿದಳು.
ಅಷ್ಟೇ.
ಎರಡು ವರ್ಷ ಅವಳ ಸುದ್ದಿ ಇರಲಿಲ್ಲ,
ಇದ್ದರೂ ಹೋಗಿ ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಒಂದು ದಿನ ಗಾಲಿಕುರ್ಚಿಯಲ್ಲೇ ಬಂದು
ನನ್ನ ಗ್ರೀಸು ಕೈಗೆ ಷಟಲ್ ಹಾಕಿದಳು.
ಇದಕ್ಕೂ ಗರಿಯೇ. ಹೆಬ್ಬಾತಿನದ್ದು. ಎಣಿಸಿ.
ಎಣಿಸಿದೆ. ಹದಿನಾರು.
ಹಿಡಿದುಕೊಳ್ಳಲು ಅಲ್ಲ, ಹೊಡೆಯಲು, ಎಂದಳು.

ಆಟದ ನಿಯಮ ನನಗೆ ಕಲಿಸಿದ್ದು ಅಂಗಡಿಯ ನೆಲದ ಮೇಲೆ
ಸೀಮೆಸುಣ್ಣದಿಂದ.
ಕುರ್ಚಿಯವರಿಗೆ ಅರ್ಧ ಅಂಕಣ, ಉದ್ದಕ್ಕೆ ಸೀಳಿದ್ದು.
ಬಲೆಯ ಬುಡದ ಜಾಗ ಲೆಕ್ಕಕ್ಕಿಲ್ಲ,
ಅಲ್ಲಿ ಬಿದ್ದರೆ ಔಟು.
ಉಳಿದ ಪಟ್ಟಿಯಲ್ಲೇ ಎಲ್ಲ ಆಗಬೇಕು.
ಬಾಳೆ ಹಾಕಿ ಬಡಿಸುವಷ್ಟು ಜಾಗ, ಎಂದೆ.
ಅಷ್ಟು ಸಾಕು, ಎಂದಳು, ನಿಮ್ಮ ಅಂಗಡಿ ಇದಕ್ಕಿಂತ ಸಣ್ಣದು.

ಕೋಝಿಕ್ಕೋಡಿನಲ್ಲಿ ಸೋತಳು. ಲಕ್ನೋದಲ್ಲಿ ಸೋತಳು.
ಮೂರನೇ ವರ್ಷ ಕಂಚು ಬಂತು, ಅದನ್ನು ತೂಗಿ ನೋಡಲು
ಮೀನಿನ ಅಬೂಬಕ್ಕರನ ತಕ್ಕಡಿ ಬೇಕಾಯಿತು.
ಬೆನ್ನ ಮೇಲೆ ಕೇರಳ, ಅರ್ಜಿಯಲ್ಲಿ ಮಲಯಾಳ,
ಅಂಕ ಎಣಿಸುವುದು ಮಾತ್ರ
ಬೇಕೂರು ಶಾಲೆಯ ಕನ್ನಡ ಮಗ್ಗಿಯಲ್ಲಿ, ಸದ್ದಿಲ್ಲದೆ.

ಬ್ಯಾಂಕಾಕಿನ ಕಥೆಯನ್ನು ಎಷ್ಟು ಸಲ ಹೇಳಿದರೂ
ನಾನು ಮತ್ತೆ ಕೇಳಿಸುತ್ತೇನೆ.
ಎದುರಿಗೆ ಕೊರಿಯದವಳು, ಒಕ್ ಬುನ್,
ವಯಸ್ಸು ಐವತ್ತಾರು, ಜಲಜಳ ಅಮ್ಮನ ವಾರಗೆ.
ಅವಸರ ಇಲ್ಲ, ಬೆವರೂ ಇಲ್ಲ.
ದೂರಕ್ಕೊಂದು, ಹತ್ತಿರಕ್ಕೊಂದು,
ಬಾವಿಯಿಂದ ನೀರು ಸೇದುವ ಹಾಗೆ
ಇವಳನ್ನು ಹಿಂದೆ ಮುಂದೆ ಸೇದಿದಳಂತೆ.
ಇಪ್ಪತ್ತೊಂದು ಆರು. ಇಪ್ಪತ್ತೊಂದು ಎಂಟು.

ಆ ಎಂಟರಲ್ಲಿ ಎರಡು ನಾನು ಗೆದ್ದದ್ದು,
ಉಳಿದ ಆರು ಅವಳು ಮರೆತದ್ದು.

ಕೈಕುಲುಕಲು ಬಂದವಳು ಕೈ ಬಿಟ್ಟು
ಚಕ್ರದ ಮೇಲೆ ಬಗ್ಗಿದಳು. ಒಂದು ಕಡ್ಡಿ ಬೇರೆ ಬಣ್ಣ.
ನಾನು ಹಳೆ ಹೀರೋ ಸೈಕಲ್ಲಿನಿಂದ ಕತ್ತರಿಸಿ ಹಾಕಿದ್ದು.
ಬೆರಳಿನಿಂದ ಮೀಟಿ, ಕಿವಿ ಕೊಟ್ಟು,
ಯಾರು? ಎಂದು ಹುಬ್ಬಿನಲ್ಲೇ ಕೇಳಿದಳಂತೆ.
ಅಂದುಂಞಿಚ್ಚ, ಎಂದಳು ಇವಳು.
ಅವಳು ಹೇಳಲು ನೋಡಿದಳು. ಮೂರು ಸಲ.
ಕೊರಿಯದ ಬಾಯಲ್ಲಿ ನನ್ನ ಹೆಸರು ಹೇಗೆ ಬಂತೆಂದು
ಜಲಜ ಹೇಳಿ ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ.
ನಾನು ಮಾತ್ರ ಪಂಪು ಒತ್ತುತ್ತಿರುತ್ತೇನೆ.

ಈಗ ಬಲಭುಜ ಹೋಗಿದೆ. ಸಂಜೆ ಶಾಲೆಯ ಅಂಗಳದಲ್ಲಿ
ಮಕ್ಕಳಿಗೆ ಕಲಿಸುತ್ತಾಳೆ, ಕಡಲಗಾಳಿ ಇಳಿದ ಮೇಲೆ.
ಮೊನ್ನೆ ಒಬ್ಬ ಹುಡುಗ ಹೊಡೆದದ್ದು
ಬೇಲಿಯಾಚೆಯ ತೆಂಗಿನ ನೆತ್ತಿಯಲ್ಲಿ ಸಿಕ್ಕಿಕೊಂಡಿತು.
ಕಲ್ಲು ಹೆಕ್ಕಿದರು. ಬೇಡ, ಎಂದಳು,
ಕತ್ತೆತ್ತಿ ತುಂಬ ಹೊತ್ತು ನೋಡಿದಳು.
ಬಲಗಡೆಯ ಎರಡನೇ ಗರಿ. ಒಣಗಿದೆ.
ತಾನಾಗಿ ಬೀಳುತ್ತದೆ.
ಅಡಿಯಲ್ಲಿ ಯಾರೂ ನಿಲ್ಲಬೇಡಿ.

ಆದರೂ ನಾಳೆ ಗಾಡಿ ಐದೂವರೆಗೆ.
ಮೂರನೇ ಕಡ್ಡಿ ಬಿಗಿದು, ಬೆರಳಿನಿಂದ ಮೀಟಿ,
ಈಗೀಗ ನಾನೂ ಕಿವಿ ಕೊಡುತ್ತೇನೆ.