ಹನ್ನೊಂದನೇ ಕಾಲಂ

ರೋಮಾ ಎಂದರೆ ಪೋಪ್ ಇರುವ ಊರಲ್ಲ.
ಲೆಸೋಥೋದ ಗುಡ್ಡಗಳ ನಡುವೆ
ಮರಳುಗಲ್ಲಿನ ಒಂದು ವಿಶ್ವವಿದ್ಯಾಲಯ.
ಜೂನ್ ಬಂತೆಂದರೆ ನಲ್ಲಿಯೊಳಗೆ ನೀರು ಕಲ್ಲಾಗುತ್ತದೆ,
ಪ್ರೊಫೆಸರರೂ ಕಂಬಳಿ ಹೊದ್ದೇ ಪಾಠ ಮಾಡುತ್ತಾರೆ.

ನಾನು ಅಲ್ಲಿ ಟೈಪಿಸ್ಟ್.
ಪುಸೆಲೆಟ್ಸೊ ಲೆಟುಕಾ ಬರೆದದ್ದೆಲ್ಲ
ಮೂವತ್ತೊಂದು ವರ್ಷ ನನ್ನ ಬೆರಳಿನಡಿ ಹಾದುಹೋಗಿದೆ.
ಅವರ ಕೈಬರಹ, ಚೆದುರಿದ ಇರುವೆ ಸಾಲು.
ಓದಬಲ್ಲವರು ಇಬ್ಬರೇ, ದೇವರು ಮತ್ತು ನಾನು.
ದೇವರು ಅಡಿಟಿಪ್ಪಣಿ ಓದುವುದಿಲ್ಲ.

ಮೊದಲು ರಾಜ್ಯಶಾಸ್ತ್ರ.
ಊರ ಮುಖ್ಯಸ್ಥ ಕರೆಯುವ ಪಿತ್ಸೊ ಸಭೆಯಲ್ಲಿ
ಹೆಂಗಸರು ಎಷ್ಟು ದೂರ ಕೂರುತ್ತಾರೆ ಎಂದು
ಹೆಜ್ಜೆಯಲ್ಲಿ ಅಳೆದು ಬಂದರು.
ಒಂದೂರಲ್ಲಿ ಇಪ್ಪತ್ತೆರಡು,
ಮೊಖೊತ್ಲಾಂಗಿನ ಮೇಲ್ಗುಡ್ಡದಲ್ಲಿ ಮೂವತ್ತು,
ಎದುರುಗಾಳಿ ಇದ್ದರೆ ಮಾತು ತಲುಪುವುದಿಲ್ಲ.
ವಿಭಾಗದವರು ನಕ್ಕರು:
ಇದು ಶಾಸ್ತ್ರವೋ, ದರ್ಜಿ ಕೆಲಸವೋ?

ಆಮೇಲೆ, ನಲವತ್ತರಲ್ಲಿ, ಕಾನೂನು.
ತಮ್ಮ ವಿದ್ಯಾರ್ಥಿಗಳ ಪಕ್ಕದಲ್ಲೇ ಬೆಂಚು.
ಅಲ್ಲಿ ಸಿಕ್ಕ ಪದ, ಅಪ್ರಾಪ್ತೆ.
ಮದುವೆಯಾದವಳು ಸಾಯುವತನಕ ಮಗು, ಗಂಡ ಪೋಷಕ.
ಹಗಲು ಅದನ್ನು ಪಾಠ ಹೇಳಿ
ಸಂಜೆ ಬ್ಯಾಂಕಿಗೆ ಹೋದರೆ
ಗುಮಾಸ್ತ, ಅವರದೇ ಶಿಷ್ಯ, ತಲೆ ಎತ್ತದೆ ಕೇಳಿದ:
"ಮೇಡಂ, ಯಜಮಾನರ ಸಹಿ?"
ಯಜಮಾನರು ವೆಲ್ಕಮ್ಮಿನ ಚಿನ್ನದ ಗಣಿಯಲ್ಲಿ,
ನೆಲದಿಂದ ಒಂದು ಮೈಲಿ ಕೆಳಗೆ.

ಬಂದವರೇ ಹೇಳಿದರು, ಟೈಪ್ ಮಾಡು:
ಸಹಿ ಇಲ್ಲದವಳ ಪಾಲಿಗೆ ಸಹಿಸುವುದು.
ಮಾರನೇ ದಿನ ಅದನ್ನೇ ಹೊಡೆದುಹಾಕಿದರು.
ಕಿವಿಗೆ ಚೆನ್ನಾಗಿದೆ, ಅದಕ್ಕೇ ಅನುಮಾನ ಎಂದರು.

ಲಿಂಗ ಅಧ್ಯಯನಕ್ಕೆ ಕೋಣೆ ಕೇಳಿದಾಗ
ಕೊಟ್ಟದ್ದು ಪೊರಕೆ ಇಡುವ ಉಗ್ರಾಣ.
ಜವಾನ ಪೊರಕೆಗಳನ್ನು ಹೊರಗೆ ಹಾಕಲು ಬಂದರೆ ತಡೆದರು:
"ಇರಲಿ ಬಿಡಪ್ಪ, ಇವೂ ಆಕರ."

ಕಾನೂನು ಬದಲಾಯಿತು.
ಊರೆಲ್ಲ ಹಾಡಿತು, ಜೋಳದ ಬಿಯರ್ ಹರಿಯಿತು.
ಅವರೊಬ್ಬರು ಕಂಬಳಿಯೊಳಗಿಂದ ಗೊಣಗಿದರು:
ಸಂಸತ್ತು ಕಲಂ ತಿದ್ದುತ್ತದೆ,
ಅರ್ಜಿಯ ಕಾಲಂ ತಿದ್ದುವವರು ಯಾರು?

ನನ್ನದೂ ಒಂದಿದೆ, ಇಲ್ಲೇ ಹೇಳಿಬಿಡುತ್ತೇನೆ.
ಅಧ್ಯಾಯ ನಾಲ್ಕು, ವಿಧವೆಯರ ಹೊಲ,
ಅದನ್ನು ಕುಟ್ಟುತ್ತಿದ್ದ ವಾರ
ಮಫೆಟೆಂಗಿನ ನನ್ನ ಹೊಲದಲ್ಲಿ ಮೈದುನ ಉಳುತ್ತಿದ್ದ.
ನಾನು ಹೇಳಲಿಲ್ಲ. ಅವರು ಕೇಳಲಿಲ್ಲ.
ಒಂದೇ ಕಡೆ ಬೆರಳು ತಪ್ಪಿ
'ಅವಳ ಹೊಲ' ಇದ್ದಲ್ಲಿ 'ನನ್ನ ಹೊಲ' ಬಿತ್ತು.
ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಬಂತು.
ಪುಸ್ತಕದ ಕೃತಜ್ಞತೆಯಲ್ಲಿ ನನ್ನ ಹೆಸರು ಕೊನೆಯದು,
ಕಾಗುಣಿತ ತಪ್ಪಾಗಿತ್ತು. ಟೈಪ್ ಮಾಡಿದ್ದು ನಾನೇ.

ಇವತ್ತು ಅವರ ಕೊನೆಯ ದಿನ.
ಪಿಂಚಣಿ ಅರ್ಜಿ ಬಂತು, ಹಳೆಯ ದಾಸ್ತಾನು,
ಹನ್ನೊಂದನೇ ಕಾಲಂ: ಗಂಡನ ಸಹಿ.
ಗಂಡ, ಗಣಿಯ ಧೂಳು ಎದೆಯಲ್ಲಿ ಕೂತು,
ಹೋಗಿ ಹದಿನಾರು ವರ್ಷ.
ಅವರು ಕನ್ನಡಕ ಒರೆಸಿ ತುಂಬಿದರು:
"ಹುದ್ದೆ ಖಾಲಿ. ಭರ್ತಿ ಮಾಡುವ ಉದ್ದೇಶವಿಲ್ಲ."
ಇಬ್ಬರೂ ನಕ್ಕೆವು, ಕೆಮ್ಮು ಬರುವಷ್ಟು.

ಚಹಾ ತರಲು ಅವರು ಕೆಳಗೆ ಹೋದಾಗ
ಬೀರುವಿನ ತಳದಲ್ಲಿ ಒಂದು ಹಾಳೆ ಸಿಕ್ಕಿತು.
ಅದೇ ಪುಟ. ನನ್ನ ತಪ್ಪು, ಅವರ ಕೆಂಪು.
ಅಂಚಿನಲ್ಲಿ ಪೆನ್ಸಿಲ್ಲಿನ ಇರುವೆ ಅಕ್ಷರ,
ಅಳಿಸಿಹೋಗುವ ಹಾಗೆ ತೆಳ್ಳಗೆ:
'ಕೇಳಬೇಕು.'
ಕೆಳಗೆ ತಾರೀಕು. ಹತ್ತೊಂಬತ್ತು ವರ್ಷ.

ಮೆಟ್ಟಿಲ ಮೇಲೆ ಕಪ್ಪುಗಳ ಸದ್ದು.
"ಏನದು ಕೈಯಲ್ಲಿ?" ಎಂದರು.
ಹಾಳೆಯನ್ನು ಮೇಜಿನ ಮೇಲಿಟ್ಟು
"ಕೇಳಿ" ಎಂದೆ.
ಪುಸ್ತಕದ ಪೆಟ್ಟಿಗೆಯೊಂದನ್ನು ಎಳೆದುಕೊಂಡು
ಅದರ ಮೇಲೆ ಕೂತರು ಪ್ರೊಫೆಸರ್,
ನನ್ನಿಂದ ಒಂದು ಹೆಜ್ಜೆ ದೂರ.